ಗುಜರಿಗೆ ಹೋಗಬೇಕಿದ್ದ ಫಿಯಟ್

"ಗುಜರಿಯವನಿಗೆ ಹೇಳಿಬಿಟ್ಟಿದ್ದೀನಿ, ನೋಡೋದಿದ್ರೆ ಭಾನುವಾರದೊಳಗೆ ಬನ್ನಿ" ಎಂದು ಕಾರಿನವರು ಫೋನಿನಲ್ಲಿ ಹೇಳಿದ ಮೇಲೆ ನನಗಾಗಲಿ ನನ್ನ ಗೆಳೆಯನಿಗಾಗಲಿ ಬೇರೆ ಯಾವ ಕೆಲಸವೂ ನೆನಪಿಗೆ ಬರಲಿಲ್ಲ. ಕಾರು ಫಿಯಟ್ 1100. 1953ರಲ್ಲಿ ಬಂತಲ್ಲ, ಆ 103 ಮಾದರಿಯ ವಂಶದ್ದು. 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಇಷ್ಟು ಗೊತ್ತಾದರೆ ಸಾಕು, ನಮ್ಮಂಥವರು ಟಾರ್ಚು, ಆಯಸ್ಕಾಂತ, ಒಂದಿಷ್ಟು ಹಳೇ ಬಟ್ಟೆ ಹಿಡಿದು ಹೊರಟುಬಿಡುತ್ತೇವೆ.

ಕಾರು ಶೆಡ್ಡಿನಲ್ಲಿ ನಿಂತಿರಲಿಲ್ಲ, ಕೂತಿತ್ತು. ನಾಲ್ಕೂ ಟೈರಿನ ಗಾಳಿ ಹೋಗಿ ರಿಮ್ಮು ನೆಲಕ್ಕೆ ತಾಗಿತ್ತು. ಬಾನೆಟ್ ಮೇಲೆ ಪೇಂಟ್ ಡಬ್ಬಗಳು, ಹಿಂದಿನ ಸೀಟಿನ ತುಂಬ ರಟ್ಟಿನ ಪೆಟ್ಟಿಗೆಗಳು. ಇಲಿಗಳು ಸೀಟು ಕಿತ್ತು ಗೂಡು ಮಾಡಿಕೊಂಡಿದ್ದವು. "ಇದರಲ್ಲಿ ಏನಿದೆ ಅಂತ ಬಂದ್ರಿ ಸಾರ್?" ಎಂದರು ಕಾರಿನವರು. ತಮಾಷೆಗಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಉತ್ತರ ಕೊಡಬೇಕಿದ್ದ ಗೆಳೆಯ ಅಷ್ಟರಲ್ಲಿ ಅಂಗಾತ ಮಲಗಿ ಕಾರಿನ ಅಡಿಗೆ ತೂರಿದ್ದ.

ಪಾಪ, ಅವರು ಒಂದು ಬಕೆಟ್ ನೀರು ತಂದು ಧೂಳು ತೊಳೆಯಲು ಹೊರಟರು. ಅಡಿಯಿಂದಲೇ ಕೂಗು ಬಂತು: "ಬೇಡ ಸಾರ್, ಹಾಗೇ ಇರ್ಲಿ!" ಧೂಳಿಗೂ ಬೆಲೆ ಇದೆ ಅಂದರೆ ನಗಬೇಡಿ. ಮಳೆ ನೀರು ಎಲ್ಲಿಂದ ಇಳಿದಿದೆ, ಎಲ್ಲಿ ನಿಂತಿದೆ ಅನ್ನೋದು ಧೂಳಿನ ಮೇಲಿನ ಗೆರೆಗಳಲ್ಲೇ ಕಾಣುತ್ತದೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಬಾಯೋಂ ಎಂಬವರು ಕೂಡಿಟ್ಟಿದ್ದ ಹಳೇ ಕಾರುಗಳನ್ನು ಹರಾಜು ಹಾಕಿದಾಗ, ಹಳೇ ಪತ್ರಿಕೆಗಳ ರಾಶಿಯಡಿ ಸಿಕ್ಕಿದ್ದ 1961ರ ಫೆರಾರಿಯೊಂದನ್ನು ಧೂಳಿನ ಸಮೇತವೇ ಮಾರಿದರು. ಒಂದೂವರೆ ಕೋಟಿ ಯೂರೋಗೂ ಜಾಸ್ತಿ ಬಂತು. ನಮ್ಮ ಫಿಯಟ್ಟಿಗೆ ಆ ಯೋಗ ಇಲ್ಲ ಬಿಡಿ. ಇದನ್ನು ಸರಿ ಮಾಡಿಸಿ ಮಾರಿದರೆ ಹಾಕಿದ ದುಡ್ಡು ಬರುವುದೇ ಅನುಮಾನ. ಲಾಭದ ಲೆಕ್ಕ ಹಾಕುವವರು ಈ ದಾರಿಗೆ ಬರಲೇಬಾರದು.

ನಾನು ಆಯಸ್ಕಾಂತ ಹಿಡಿದು ಸುತ್ತ ಬಂದೆ. ತಗಡು ಇದ್ದಲ್ಲಿ ಟಪ್ ಅಂತ ಕಚ್ಚುತ್ತದೆ, ತೂತು ಮುಚ್ಚಲು ಪುಟ್ಟಿ ಮೆತ್ತಿದ್ದಲ್ಲಿ ಜಾರಿ ಬೀಳುತ್ತದೆ. ಬಾಗಿಲು, ಮಡ್‌ಗಾರ್ಡು, ಡಿಕ್ಕಿ ಎಲ್ಲ ಕಡೆ ಕಚ್ಚಿತು. ಬಣ್ಣ ಮಾಸಿದೆ, ಅಲ್ಲಲ್ಲಿ ತಗಡು ತೂತಾಗಿದೆ, ಆದರೆ ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ನನಗೆ ಇಂಥ ಕಾರುಗಳ ಮೇಲೆ ಪ್ರೀತಿ ಹುಟ್ಟೋದು ಇಲ್ಲೇ. ಬಿಟ್ಟು ಹಾಳಾದ ಕಾರನ್ನು ನಂಬಬಹುದು, ರಿಪೇರಿ ಹೆಸರಲ್ಲಿ ಹಾಳು ಮಾಡಿದ್ದನ್ನು ನಂಬೋಕಾಗಲ್ಲ. ಹೊಳೆಯುವ ಪೇಂಟಿನ ಕೆಳಗೆ ಬೆರಳು ದಪ್ಪ ಪುಟ್ಟಿ, ಅದರ ಕೆಳಗೆ ಕೊಳೆತ ತಗಡು, ಇಂಥದ್ದನ್ನು ಸಾಕಷ್ಟು ನೋಡಿದ್ದೇನೆ.

"ಬಾರೋ ಇಲ್ಲಿ, ಸಿಲ್ ನೋಡು" ಎಂದ ಗೆಳೆಯ. ಬಾಗಿಲ ಕೆಳಗಿನ ಉದ್ದ ಪಟ್ಟಿ ಅದು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಯಿತು, ಕಂದು ಪುಡಿ ಉದುರಿತು. ಇದು ಚಿಕ್ಕ ವಿಷಯ ಅಲ್ಲ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಸರಳು ವೆಲ್ಡ್ ಮಾಡಿ ಬಿಗಿ ಮಾಡಿಕೊಳ್ಳದಿದ್ದರೆ ಬಾಡಿ ನಡುವೆ ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರಲ್ಲ. ಎಂಜಿನ್ ಕೆಲಸ ಕಷ್ಟ ಅಂತ ಜನ ಅಂದುಕೊಳ್ಳುತ್ತಾರೆ. ಕಷ್ಟ ಇರೋದು ತಗಡಿನಲ್ಲಿ.

ಎಂಜಿನ್ ಸರದಿ ಬಂತು. ಕಾರಿನವರಿಗೂ ಈಗ ಹುರುಪು ಬಂದಿತ್ತು. "ನನ್ನ ಕಾರಿನ ಬ್ಯಾಟರಿ ತರ್ತೀನಿ, ಸೆಲ್ಫ್ ಹೊಡೆದು ನೋಡೋಣ್ವಾ?" ಎಂದರು. ಅದೊಂದು ಮಾತ್ರ ಮಾಡಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ತುಕ್ಕಿಗೆ ಅಂಟಿರಬಹುದು, ಬೇರಿಂಗಿನಲ್ಲಿ ಆಯಿಲ್ ಪಸೆಯೂ ಇರಲ್ಲ. ಒಮ್ಮೆಲೇ ತಿರುಗಿಸಿದರೆ ಮುರಿಯೋದು ಅಲ್ಲೇ. ಗೆಳೆಯ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತುಗಳಲ್ಲಿ ಒಂದೊಂದು ಚಮಚದಷ್ಟು ಆಯಿಲ್ ಬಿಟ್ಟ. ಅದು ಇಳಿಯಲಿ ಅಂತ ಕೂತೆವು. ಅಷ್ಟರಲ್ಲಿ ನಾನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲ್ ಕೆಟ್ಟು ವಾರ್ನಿಷ್ ವಾಸನೆ ಬರುತ್ತಿತ್ತು, ಅಂದರೆ ಟ್ಯಾಂಕು, ಪೈಪು, ಕಾರ್ಬೊರೇಟರ್ ಎಲ್ಲ ಬಿಚ್ಚಲೇಬೇಕು.

ಆಮೇಲೆ ಗೆಳೆಯ ಗೇರು ನ್ಯೂಟ್ರಲ್‌ನಲ್ಲಿದೆಯಾ ನೋಡಿಕೊಂಡು, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿದ. ಅಲುಗಲಿಲ್ಲ. ಹಿಂದಕ್ಕೆ ಒಂದು ಸಲ, ಮುಂದಕ್ಕೆ ಒಂದು ಸಲ. ಫ್ಯಾನಿನ ರೆಕ್ಕೆ ಒಂದಂಗುಲ ಸರಿಯಿತು. ಪ್ಲಗ್ಗಿನ ತೂತಿನಿಂದ ಪುಸಕ್ ಅಂತ ಗಾಳಿ ಬಂತು, ಜೊತೆಗೆ ಒಂದು ಹನಿ ಕರೀ ಆಯಿಲ್ ಗೆಳೆಯನ ಕೆನ್ನೆಗೆ ಹಾರಿತು. ಅವನು ಒರೆಸಿಕೊಳ್ಳಲೂ ಇಲ್ಲ, ಹಲ್ಲು ಕಿರಿದು ನನ್ನ ಮುಖ ನೋಡಿದ. ಎಂಜಿನ್ ಜಾಮ್ ಆಗಿಲ್ಲ! ಕಾರಿನವರು ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದದ್ದು ಆಗಲೇ.

ಹೊರಗೆ ತರೋದೇ ದೊಡ್ಡ ಸಾಹಸವಾಯಿತು. ಬ್ರೇಕ್ ಆಯಿಲ್ ತೇವ ಹೀರುತ್ತದಲ್ಲ, ಅದರಿಂದ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದು ಹಿಂದಿನ ಎರಡೂ ಚಕ್ರ ಕಚ್ಚಿಕೊಂಡಿದ್ದವು. ಬ್ರೇಕ್ ಡ್ರಮ್ಮಿಗೆ ಸುತ್ತಲೂ ಸುತ್ತಿಗೆಯಿಂದ ತಟ್ಟಿ ತಟ್ಟಿ ಒಂದನ್ನು ಬಿಡಿಸಿದೆವು. ಇನ್ನೊಂದು ಕೊನೆಗೂ ಬಗ್ಗಲಿಲ್ಲ, ಅದರ ಕೆಳಗೆ ಟ್ರಾಲಿ ಕೊಟ್ಟು ದೂಡಿಕೊಂಡೇ ಬಂದೆವು.

ಈಗ ಜಗಳ ಇರೋದು ಬಣ್ಣದ್ದು. ಪೂರ್ತಿ ಉಜ್ಜಿ ಹೊಸ ಪೇಂಟ್ ಹೊಡೆಸೋಣ ಅಂತ ಅವನು, ಕಂಪನಿಯ ಪೇಂಟ್ ಒಮ್ಮೆ ಹೋದರೆ ಮತ್ತೆ ಬರಲ್ಲ ಅಂತ ನಾನು. "ಹೊಸ ಸಿಲ್ಲಿಗೆ ಮಾಸಿದ ಬಣ್ಣ ಎಲ್ಲಿಂದ ತರ್ತೀಯಾ ಮಾರಾಯ?" ಅಂತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವನಿಲ್ಲದಾಗ ಬಾಗಿಲಿನ ಒಂದು ಮೂಲೆಗೆ ಪಾಲಿಶ್ ಹಾಕಿ ಉಜ್ಜಿ ನೋಡಿದ್ದೇನೆ, ಬಣ್ಣ ಎದ್ದು ಬರುತ್ತಿದೆ. ಇನ್ನೂ ಅವನಿಗೆ ಹೇಳಿಲ್ಲ, ಮೊದಲು ಇಡೀ ಬಾಗಿಲು ಉಜ್ಜಿ ಮುಗಿಸಬೇಕು.