ಬೂಸ್ಟ್ ಏರಿಸಿದ ಮೇಲಿನ ಕೆಲಸ

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಟರ್ಬೊ ಎಂಜಿನ್ನಿಗೆ ಇನ್ನಷ್ಟು ಬಲ ತುಂಬಬೇಕೆಂದು ಹೊರಟವರು ಮೊದಲು ಕೇಳುವುದು ಬೂಸ್ಟ್ (ಟರ್ಬೊ ಎಂಜಿನ್ನಿನೊಳಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಎಷ್ಟು, ಅಶ್ವಶಕ್ತಿ ಎಷ್ಟು ಎಂದು. ಹೆಪ್ಪುಗಟ್ಟಿದ ಸರೋವರದ ಮೇಲೆ ಬೆಳಗಿನಿಂದ ಸಂಜೆಯವರೆಗೆ ನನ್ನ ಗಾಡಿಯನ್ನು ಟ್ಯೂನ್ ಮಾಡಿದ ದಿನ, ಈ ಎರಡು ಅಂಕಿಗಳಿಗೆ ಸಂಬಂಧಿಸಿದ ಕೆಲಸ ಮಧ್ಯಾಹ್ನದೊಳಗೆ ಮುಗಿದಿತ್ತು. ಉಳಿದ ಸಮಯವೆಲ್ಲ ಹೋದದ್ದು ಎಂಜಿನ್ನಿನಲ್ಲಿ ಹುಟ್ಟಿದ ಬಲವನ್ನು ಅದನ್ನು ಸಾಗಿಸುವ ರಬ್ಬರ್ ಬೆಲ್ಟ್ ಸುಡದಂತೆ, ಗಾಡಿಯನ್ನು ಹಿಮದ ಮೇಲೆ ತಳ್ಳುವ ಟ್ರ್ಯಾಕ್ ಪಟ್ಟಿಯವರೆಗೆ ತಲುಪಿಸುವುದಕ್ಕೆ. ಈ ಭಾಗದ ಬಗ್ಗೆ ಮಾತನಾಡುವವರು ಕಡಿಮೆ ಇರುವುದರಿಂದ ಅದನ್ನೇ ಹೆಚ್ಚು ವಿವರವಾಗಿ ಬರೆಯುತ್ತೇನೆ.

ನನ್ನದು ಯಮಾಹಾ ಸೈಡ್‌ವೈಂಡರ್. 998 ಸಿಸಿಯ, ಮೂರು ಸಿಲಿಂಡರುಗಳ, ನಾಲ್ಕು ಸ್ಟ್ರೋಕಿನ ಟರ್ಬೊ ಎಂಜಿನ್. 2017ರ ಮಾದರಿಯೊಂದಿಗೆ ಬಂದ ಈ ಎಂಜಿನ್ ಆರ್ಕ್ಟಿಕ್ ಕ್ಯಾಟ್‌ನ ಗಾಡಿಗಳಲ್ಲೂ ಬಳಕೆಯಾಯಿತು. ಕಾರ್ಖಾನೆಯಿಂದ ಹೊರಬರುವಾಗಲೇ ಅದು 200 ಅಶ್ವಶಕ್ತಿಯ ದರ್ಜೆಯದು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಕಾರ್ಖಾನೆಯಲ್ಲೇ ಟರ್ಬೊ ಜೋಡಿಸಿ ಮಾರುವ ಧೈರ್ಯವನ್ನು ಸ್ಕೀ-ಡೂ ತೋರಿದ್ದು 2020ರ ಸಮ್ಮಿಟ್ 850 ಮಾದರಿಯಲ್ಲಿ. ಅದಕ್ಕೂ ಮೊದಲು ಅಂಥ ಎಂಜಿನ್ನುಗಳಿಗೆ ಟರ್ಬೊ ಬೇಕೆಂದವರು ಹೊರಗಿನ ಕಿಟ್‌ಗಳನ್ನೇ ನಂಬಬೇಕಿತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ ತೂಕದಲ್ಲಿ ಹೆಚ್ಚಾದರೂ ಹೆಚ್ಚುವರಿ ಬೂಸ್ಟನ್ನು ತಾಳಿಕೊಳ್ಳುವ ವಿಷಯದಲ್ಲಿ ನನಗೆ ಅದರ ಮೇಲೆಯೇ ಹೆಚ್ಚು ಭರವಸೆ.

ಸರೋವರಕ್ಕೆ ಹೋಗುವ ಮೊದಲೇ, ಒತ್ತಿದ ಗಾಳಿಯನ್ನು ತಂಪಾಗಿಸುವ ದೊಡ್ಡ ಇಂಟರ್‌ಕೂಲರ್, ಇಂಧನ ಸಿಂಪಡಿಸುವ ಹೆಚ್ಚು ಹರಿವಿನ ಇಂಜೆಕ್ಟರುಗಳು, ಹೊಸ ಇಂಧನ ಪಂಪ್, ಒಂದು ಹಂತ ತಂಪಾದ ಸ್ಪಾರ್ಕ್ ಪ್ಲಗ್‌ಗಳು ಮತ್ತು ಗಾಳಿ-ಇಂಧನದ ಮಿಶ್ರಣವನ್ನು ಅಳೆಯುವ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕ ಗಾಡಿಯನ್ನು ಸೇರಿದ್ದವು. ಬೂಸ್ಟ್ ಹೆಚ್ಚಾದಾಗ ಕಿಡಿ ಆರಿಹೋಗದಂತೆ ಪ್ಲಗ್‌ಗಳ ಅಂತರವನ್ನು ಕಿರಿದು ಮಾಡಿದ್ದೆವು. ಸೈಲೆನ್ಸರನ್ನು ಮಾತ್ರ ಮುಟ್ಟಲಿಲ್ಲ. ಗದ್ದಲದ ಗಾಡಿಗಳಿಂದಾಗಿಯೇ ಎಷ್ಟೋ ಹಿಮದಾರಿಗಳು ಎಲ್ಲರಿಗೂ ಮುಚ್ಚಿಹೋಗುತ್ತವೆ. ನಾಲ್ಕಾರು ಅಶ್ವಶಕ್ತಿಗಾಗಿ ಅದಕ್ಕೆ ಕಾರಣನಾಗಲು ನನಗೆ ಇಷ್ಟವಿರಲಿಲ್ಲ. ಎಂಜಿನ್ ಕೆಲಸದಲ್ಲಿ ಬಹಳ ವರ್ಷಗಳಿಂದ ಪಳಗಿದ ಹಿರಿಯ ಮಿತ್ರರೊಬ್ಬರು ಲ್ಯಾಪ್‌ಟಾಪ್ ಹಿಡಿದು ಜೊತೆಗೆ ಬಂದರು.

ಮಂಜುಗಡ್ಡೆಯನ್ನು ಹಲವು ಕಡೆ ಕೊರೆದು, ಒಂದು ಅಡಿಗಿಂತ ದಪ್ಪವಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ಮೇಲಿನ ಹಿಮವನ್ನು ತುಳಿದು ಗಟ್ಟಿಯಾದ ಉದ್ದನೆಯ ಹಾದಿಯೊಂದನ್ನು ಮಾಡಿಕೊಂಡೆವು. ಬರಿಯ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ ಹಿಡಿತ ತಪ್ಪಿ ಸುಮ್ಮನೆ ಸುತ್ತುವುದರಿಂದ ಅಲ್ಲಿ ದಾಖಲಾಗುವ ಅಂಕಿಗಳಿಗೆ ಬೆಲೆಯಿಲ್ಲ. ಇನ್ನೊಂದು ಕಾರಣವೂ ಇದೆ. ಸ್ನೋಮೊಬೈಲಿಗೆ ಕಾರಿನಂತೆ ಮುಂಭಾಗದ ರೇಡಿಯೇಟರನ್ನೇ ನಂಬುವ ಸೌಲಭ್ಯವಿಲ್ಲ. ಟ್ರ್ಯಾಕ್ ಎರಚುವ ಹಿಮವು ಅದರ ಮೇಲ್ಭಾಗವನ್ನು ಮುಚ್ಚುವ ಟನಲ್ ಎಂಬ ಲೋಹದ ಹೊದಿಕೆಯಲ್ಲಿರುವ ಶಾಖ ವಿನಿಮಯಕಕ್ಕೆ ಬಡಿದು ಕರಗಿದಾಗಲೇ ಎಂಜಿನ್ನಿನ ನೀರು ತಂಪಾಗುವುದು. ಸಡಿಲ ಹಿಮವಿಲ್ಲದ ನೆಲದಲ್ಲಿ, ಹೊರಗೆ ಎಷ್ಟೇ ಚಳಿಯಿದ್ದರೂ, ಎಂಜಿನ್ ಕಾದುಹೋಗುತ್ತದೆ. ಆದ್ದರಿಂದ ಪ್ರತಿ ಓಟದ ನಂತರ ಹಾದಿಯ ಪಕ್ಕದ ಮೃದುವಾದ ಹಿಮದಲ್ಲಿ ನಿಧಾನವಾಗಿ ಮರಳಿ ಬರುವುದೆಂದು ಗೊತ್ತುಮಾಡಿಕೊಂಡೆವು.

“ಮೊದಲು ಇಂಧನ, ಆಮೇಲೆ ಬೂಸ್ಟ್, ಕೊನೆಗೆ ಕ್ಲಚ್. ಈ ಕ್ರಮ ತಪ್ಪುವುದು ಬೇಡ” ಎಂದು ಮಿತ್ರರು ಆರಂಭದಲ್ಲೇ ಹೇಳಿದರು. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಇಂಧನಕ್ಕೆ ಸುಮಾರು 14.7 ಪಾಲು ಗಾಳಿ ಸಾಕು. ಆದರೆ ಪೂರ್ಣ ಬೂಸ್ಟಿನಲ್ಲಿ ಓಡುವ ಎಂಜಿನ್ನಿಗೆ ಆ ಪ್ರಮಾಣವನ್ನು 11.5ರಿಂದ 12ರ ಆಸುಪಾಸಿನಲ್ಲಿ ಇಡಬೇಕು. ಹೆಚ್ಚುವರಿ ಇಂಧನ ಆವಿಯಾಗುತ್ತ ದಹನಕೋಣೆಯನ್ನು ತಂಪಾಗಿಸಿ, ಮಿಶ್ರಣ ತಾನಾಗಿಯೇ ಸಿಡಿಯುವ ನಾಕಿಂಗನ್ನು ದೂರವಿಡುತ್ತದೆ. ಟರ್ಬೊ ಎಂಜಿನ್ನಿನ ಪಿಸ್ಟನ್ ಒಡೆಯಲು ಆ ನಾಕಿಂಗ್ ಕೆಲವು ಕ್ಷಣ ಮುಂದುವರಿದರೂ ಸಾಕು.

ಕಡಿಮೆ ಬೂಸ್ಟಿನ ಆರಂಭದ ಓಟಗಳಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಆದರೆ ಓಟದ ಕೊನೆಯಲ್ಲಿ, ಎಂಜಿನ್ ಅತ್ಯಂತ ಹೆಚ್ಚು ಇಂಧನ ಕೇಳುವ ಹೊತ್ತಿನಲ್ಲಿ, ಮಿಶ್ರಣ 11.8ರಿಂದ 12.5ರ ಕಡೆಗೆ ಸರಿಯುತ್ತಿತ್ತು. ಎಂಜಿನ್ ಕಂಪ್ಯೂಟರಿನ ಲೆಕ್ಕಪಟ್ಟಿಯಾದ ಮ್ಯಾಪಿನಲ್ಲಿ ಇಂಧನ ಸೇರಿಸಿ ಅಂಕಿಯನ್ನು ಕೆಳಗಿಳಿಸುವುದು ಸುಲಭವಿತ್ತು, ಮಿತ್ರರು ಒಪ್ಪಲಿಲ್ಲ. “ಅಂಕಿ ಸರಿಮಾಡುವುದು ಬೇಡ, ಕಾರಣ ಹುಡುಕೋಣ” ಎಂದು ಇಂಧನ ಮಾರ್ಗಕ್ಕೆ ಒತ್ತಡಮಾಪಕ ಸಿಕ್ಕಿಸಿದರು. ಇಂಜೆಕ್ಟರಿನ ತುದಿ ತೆರೆದುಕೊಳ್ಳುವುದೇ ಬೂಸ್ಟ್ ತುಂಬಿದ ಜಾಗಕ್ಕೆ. ಹಾಗಾಗಿ ಬೂಸ್ಟ್ ಎಷ್ಟು ಏರುತ್ತದೋ ಇಂಧನದ ಒತ್ತಡವೂ ಅಷ್ಟೇ ಏರಬೇಕು, ಇಲ್ಲವಾದರೆ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದಿದ್ದರೂ ಒಳಹೋಗುವ ಇಂಧನ ಕಡಿಮೆಯಾಗುತ್ತದೆ. ನಮ್ಮ ಗಾಡಿಯಲ್ಲಿ ಒತ್ತಡ ಏರಬೇಕಾದ ಕಡೆ ಕುಸಿಯುತ್ತಿತ್ತು. ಪಂಪಿನ ತುದಿಯಲ್ಲಿ ವೋಲ್ಟೇಜ್ ಅಳೆದಾಗ ಕಾರಣ ಸಿಕ್ಕಿತು: ಬ್ಯಾಟರಿಯ ಬಳಿ ಸುಮಾರು 14 ವೋಲ್ಟ್ ಇದ್ದದ್ದು ಪಂಪನ್ನು ತಲುಪುವಾಗ 12ಕ್ಕೆ ಇಳಿದಿತ್ತು. ಹಳೆಯ ಚಿಕ್ಕ ಪಂಪಿಗೆ ಸಾಲುತ್ತಿದ್ದ ತೆಳು ತಂತಿಗೆ ಹೊಸ ಪಂಪಿನ ವಿದ್ಯುತ್ತನ್ನು ಸಾಗಿಸುವ ಶಕ್ತಿಯಿರಲಿಲ್ಲ. ದಪ್ಪ ತಂತಿಯೊಂದನ್ನು ರಿಲೇ ಮೂಲಕ ಬ್ಯಾಟರಿಯಿಂದಲೇ ನೇರವಾಗಿ ಎಳೆದ ಮೇಲೆ ಒತ್ತಡ ನಿಂತಿತು, ಮಿಶ್ರಣವೂ ಕೊನೆಯವರೆಗೆ 11.8ರಲ್ಲೇ ಉಳಿಯಿತು. ಮ್ಯಾಪನ್ನು ತಿದ್ದಿ ಮುಂದೆ ಹೋಗಿದ್ದರೆ ಬೂಸ್ಟ್ ಏರಿಸಿದ ಕೂಡಲೇ ಅದೇ ಕೊರತೆ ಇನ್ನೂ ಅಪಾಯದ ಜಾಗದಲ್ಲಿ ಎದುರಾಗುತ್ತಿತ್ತು.

ಬೂಸ್ಟ್ ಏರಿಸುವ ಕೆಲಸ ಅಲ್ಲಿಂದ ಸರಾಗವಾಗಿ ನಡೆಯಿತು. ಚಳಿಗಾಳಿ ದಟ್ಟವಾದದ್ದು, ಶೂನ್ಯಕ್ಕಿಂತ 15 ಡಿಗ್ರಿ ಕೆಳಗಿನ ಗಾಳಿಯು ಶೂನ್ಯಕ್ಕಿಂತ 15 ಡಿಗ್ರಿ ಮೇಲಿನ ಗಾಳಿಗಿಂತ ಶೇಕಡಾ 11ಕ್ಕೂ ಹೆಚ್ಚು ಸಾಂದ್ರವಾಗಿರುತ್ತದೆ. ಆದರೆ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುವುದನ್ನು ಯಾವ ಚಳಿಯೂ ತಪ್ಪಿಸಲಾರದು. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿರುವ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ ಅದು ಟರ್ಬೊದಿಂದ 70 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ. ಅದನ್ನು ಮತ್ತೆ ತಂಪಾಗಿಸುವ ಇಂಟರ್‌ಕೂಲರಿಗೆ ಮಾಡಿದ ಖರ್ಚು, ನನ್ನ ಅಭಿಪ್ರಾಯದಲ್ಲಿ, ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಕವಾಟವನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡುತ್ತ, ಪ್ರತಿ ಹೆಜ್ಜೆಯಲ್ಲೂ ನಾಕಿಂಗ್ ಸಂವೇದಕದ ದಾಖಲೆ ನೋಡುತ್ತ ಹೋದೆವು. ಸಾಮಾನ್ಯ ಪಂಪಿನಲ್ಲಿ ಸಿಗುವ ಉತ್ತಮ ದರ್ಜೆಯ ಪೆಟ್ರೋಲಿಗೆ ಎಷ್ಟು ಸುರಕ್ಷಿತವೋ ಅಷ್ಟಕ್ಕೇ ನಿಲ್ಲಿಸಿದೆವು. ರೇಸಿನ ಇಂಧನ ಹಾಕಿ ಇನ್ನೂ ಏರಿಸಬಹುದಿತ್ತು, ಆದರೆ ದಾರಿಯ ನಡುವೆ ಸಿಗದ ಇಂಧನವನ್ನು ನಂಬಿದ ಗಾಡಿಯನ್ನು ದೂರ ಕೊಂಡೊಯ್ಯಲು ನನಗೆ ಮನಸ್ಸಿಲ್ಲ.

ನಿಜವಾದ ಕೆಲಸ ಇಲ್ಲಿಂದ ಶುರುವಾಯಿತು. ಸ್ನೋಮೊಬೈಲಿನಲ್ಲಿ ಗೇರುಗಳ ಪೆಟ್ಟಿಗೆಯಿಲ್ಲ. ಎಂಜಿನ್ನಿನ ದಂಡಕ್ಕೆ ಕೂರಿಸಿದ ಪ್ರೈಮರಿ ಕ್ಲಚ್, ಅದರ ಹಿಂದಿನ ಸೆಕೆಂಡರಿ ಕ್ಲಚ್, ನಡುವೆ ಒಂದು ರಬ್ಬರ್ ಬೆಲ್ಟ್, ಇಷ್ಟೇ. ಎಂಜಿನ್ ವೇಗ ಹೆಚ್ಚಿದಂತೆ ಪ್ರೈಮರಿಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗನ್ನು ಎದುರಿಸಿ, ಎರಡು ತಟ್ಟೆಗಳನ್ನು ಹತ್ತಿರ ತಂದು ಬೆಲ್ಟನ್ನು ಹಿಂಡುತ್ತವೆ. ಸೆಕೆಂಡರಿಯಲ್ಲಿ ಒಂದು ಸ್ಪ್ರಿಂಗ್ ಮತ್ತು ಹೀಲಿಕ್ಸ್ ಎಂಬ ಓರೆಮೈಯ ಭಾಗ ಸೇರಿ ಬೆಲ್ಟನ್ನು ಹಿಡಿದಿಡುತ್ತವೆ. ಈ ನಾಲ್ಕರ ಹೊಂದಾಣಿಕೆ ಸರಿಯಿದ್ದರೆ ಥ್ರಾಟಲ್ ಪೂರ್ತಿ ಒತ್ತಿದ ಕ್ಷಣದಿಂದ ಓಟದ ಕೊನೆಯವರೆಗೂ ಎಂಜಿನ್ ತನ್ನ ಗರಿಷ್ಠ ಬಲದ ವೇಗದಲ್ಲೇ ನಿಲ್ಲುತ್ತದೆ. ಬದಲಾಗುವುದು ಗಾಡಿಯ ವೇಗ ಮಾತ್ರ. ನಮ್ಮ ಗುರಿ ನಿಮಿಷಕ್ಕೆ ಸುಮಾರು 8,700 ಸುತ್ತು (ಆರ್‌ಪಿಎಂ) ಆಗಿತ್ತು.

ಹೊಸ ಬೂಸ್ಟಿನ ಮೊದಲ ಪೂರ್ಣ ಓಟದಲ್ಲೇ ಎಂಜಿನ್ 9,000ದ ಆಚೆಗೆ ಹಾರಿ, ಮಿತಿಯನ್ನು ತಾಗಿ ತಡವರಿಸಿತು. ಹಳೆಯ ಬಲಕ್ಕೆ ಹೊಂದಿಸಿದ್ದ ತೂಕಗಳು ಹೊಸ ಬಲವನ್ನು ಹಿಡಿದಿಡಲಾರದೆ ಸೋತಿದ್ದವು. ತೂಕ ಸೇರಿಸಬೇಕೆಂಬುದು ಸ್ಪಷ್ಟ. ಎಲ್ಲಿ ಸೇರಿಸಬೇಕೆಂಬುದೇ ಕುಶಲತೆ. ತೂಕದ ಬುಡದಲ್ಲಿ ಸೇರಿಸಿದ ಗ್ರಾಂ ಗಾಡಿ ಹೊರಡುವಾಗ ಎಂಜಿನ್ನನ್ನು ಅದುಮುತ್ತದೆ, ತುದಿಯಲ್ಲಿ ಸೇರಿಸಿದ ಗ್ರಾಂ ವೇಗದ ಮೇಲಿನ ಹಂತದಲ್ಲಿ ಕೆಲಸ ಮಾಡುತ್ತದೆ. ಟರ್ಬೊ ಪೂರ್ತಿ ಎಚ್ಚರಗೊಳ್ಳುವುದಕ್ಕೆ ಮೊದಲೇ ಬುಡದ ಭಾರ ಎಂಜಿನ್ನಿನ ಮೇಲೆ ಬಿದ್ದರೆ ಗಾಡಿ ಮಂಕಾಗಿ ಹೊರಡುತ್ತದೆ. ಹಾಗಾಗಿ ನಡುವಿಗೂ ತುದಿಗೂ ಸೇರಿಸುತ್ತ ಹೋದೆವು. ಆರ್‌ಪಿಎಂ ರೇಖೆ ನಿಧಾನವಾಗಿ 8,700ರ ಹತ್ತಿರ ಚಪ್ಪಟೆಯಾಗತೊಡಗಿತು.

ಆದರೂ ನನಗೆ ತೃಪ್ತಿಯಾಗಲಿಲ್ಲ. ಒಂದರ ಹಿಂದೆ ಒಂದು ಓಟ ಮಾಡಿದಾಗ ಅದೇ ರೇಖೆ ಕೊನೆಯಲ್ಲಿ ಮತ್ತೆ ಮೇಲಕ್ಕೆ ಬಾಗುತ್ತಿತ್ತು. ಗಾಡಿ ನಿಲ್ಲಿಸಿದ ಕೂಡಲೇ ಮಿತ್ರರು ಇನ್ಫ್ರಾರೆಡ್ ಮಾಪಕವನ್ನು ಬೆಲ್ಟಿಗೂ ತಟ್ಟೆಗಳಿಗೂ ಹಿಡಿದರು. ಬೆಲ್ಟಿಗೆ ನಾವು ಹಾಕಿಕೊಂಡಿದ್ದ ಮಿತಿ 85 ಡಿಗ್ರಿ. ಅದು ದಾಟಿತ್ತು, ಸೆಕೆಂಡರಿಯ ತಟ್ಟೆಯೇ ಹೆಚ್ಚು ಕಾದಿತ್ತು. ಬೆಲ್ಟ್ ಅಲ್ಲಿ ಜಾರುತ್ತಿತ್ತು. ಜಾರಿದ ಬಲವೆಲ್ಲ ಶಾಖವಾಗುತ್ತದೆ, ಶಾಖ ರಬ್ಬರನ್ನು ಮೆದುವಾಗಿಸುತ್ತದೆ, ಮೆದುವಾದದ್ದು ಇನ್ನಷ್ಟು ಜಾರುತ್ತದೆ. ಪರದೆಯ ಮೇಲೆ ಅಶ್ವಶಕ್ತಿ ಎಷ್ಟೇ ಕಾಣಿಸಲಿ, ಒಂದು ಪಾಲು ಕ್ಲಚ್ಚಿನ ಮುಚ್ಚಳದೊಳಗೇ ಬೆಂದುಹೋಗುತ್ತಿತ್ತು.

ಸೆಕೆಂಡರಿಗೆ ಹೆಚ್ಚು ಬಿಗಿಯ ಸ್ಪ್ರಿಂಗ್ ಹಾಕಿದರೆ ಹಿಡಿತ ಹೆಚ್ಚುತ್ತದೆ, ಆದರೆ ಅತಿಯಾದ ಹಿಡಿತವೂ ಘರ್ಷಣೆಯಾಗಿ ಬಲವನ್ನು ತಿನ್ನುತ್ತದೆ. ಆದ್ದರಿಂದ ಸ್ಪ್ರಿಂಗನ್ನು ಒಂದೇ ಹಂತ ಏರಿಸಿ, ಹೀಲಿಕ್ಸನ್ನು ಕಡಿಮೆ ಓರೆಯದಕ್ಕೆ ಬದಲಿಸಿದೆವು. ಓರೆ ಕಡಿಮೆಯಾದಂತೆ ಎಂಜಿನ್ನಿನ ತಿರುಚು ಬಲವೇ ತಟ್ಟೆಗಳನ್ನು ಹೆಚ್ಚು ಬಿಗಿಯಾಗಿ ಒತ್ತುತ್ತದೆ. ಬಲ ಬಂದಾಗ ಬಿಗಿ, ಬಲ ಇಲ್ಲದಾಗ ಸಡಿಲ. ಅದರಿಂದ ಕ್ಲಚ್ ಮೇಲಿನ ಅನುಪಾತಕ್ಕೆ ಸರಿಯುವುದು ನಿಧಾನವಾಗಿ ಆರ್‌ಪಿಎಂ ಮತ್ತೆ ಏರಿದ್ದರಿಂದ ಪ್ರೈಮರಿಯ ತುದಿಗೆ ಇನ್ನೂ ಕೊಂಚ ತೂಕ ಸೇರಿಸಬೇಕಾಯಿತು. ಬಲವಾದ ಎಳೆತಕ್ಕೆ ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಹಿಂದಕ್ಕೆ ಸರಿದು ಎರಡು ಕ್ಲಚ್ಚುಗಳ ನಡುವಿನ ಅಂತರ ಕೆಡದಂತೆ ತಡೆಯೊಂದನ್ನೂ ಬಿಗಿದೆವು. ಸಂಜೆಯ ಓಟಗಳಲ್ಲಿ ರೇಖೆ ಕೊನೆಯವರೆಗೆ ನೇರವಾಗಿತ್ತು, ಬೆಲ್ಟ್ 70ರ ಆಸುಪಾಸಿನಲ್ಲಿತ್ತು. ವ್ಯತ್ಯಾಸ ಅಂಕಿಗಳಿಗಿಂತ ಮೊದಲು ನನ್ನ ತೋಳುಗಳಿಗೆ ತಿಳಿಯಿತು: ಹಾದಿಯ ಕೊನೆಯ ಮೂರನೇ ಒಂದು ಭಾಗದಲ್ಲೂ ಗಾಡಿಯ ಎಳೆತ ಸಡಿಲಾಗಲಿಲ್ಲ. ಆ ಓಟ ಮುಗಿಸಿ ಬಂದಾಗ ಆದ ಸಂತೋಷವನ್ನು ಮಿತ್ರರ ಮುಂದೆ ಮುಚ್ಚಿಡಲು ನನಗೆ ಸಾಧ್ಯವಾಗಲಿಲ್ಲ.

ಪ್ರತಿ ಸಲ ಎಂಜಿನ್ ಆರಿಸುವ ಮೊದಲು ಟರ್ಬೊದೊಳಗಿನ ಎಣ್ಣೆ ಕರಿಕಟ್ಟದಂತೆ ಕೆಲಹೊತ್ತು ನಿಧಾನಗತಿಯಲ್ಲಿ ಓಡಲು ಬಿಡುತ್ತಿದ್ದೆವು. ಬಿದ್ದರೆ ಎಂಜಿನ್ ತಾನಾಗಿಯೇ ನಿಲ್ಲುವಂತೆ ಮಾಡುವ ಟೆದರ್ ಹಗ್ಗ ಸದಾ ನನ್ನ ಅಂಗಿಗೆ ಸಿಕ್ಕಿಸಿಕೊಂಡೇ ಇತ್ತು, ಬ್ರೇಕ್ ಪ್ಯಾಡುಗಳನ್ನು ಹಿಂದಿನ ದಿನವೇ ಬದಲಿಸಿದ್ದೆ.

ಕತ್ತಲಾಗುವ ಮೊದಲು ಉಳಿದದ್ದು ಬೆಟ್ಟದ ವಿಚಾರ. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 101ರಿಂದ 70 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಒಳಗೆ 170 ಕಿಲೋಪ್ಯಾಸ್ಕಲ್ ಬೇಕೆಂದರೆ ಕೆಳಗಿನ ಬಯಲಿನಲ್ಲಿ ಗಾಳಿಯನ್ನು 1.7 ಪಟ್ಟು ಒತ್ತಿದರೆ ಸಾಕು, ಬೆಟ್ಟದಲ್ಲಿ 2.4 ಪಟ್ಟು ಒತ್ತಬೇಕು. ಅಷ್ಟನ್ನು ಸಾಧಿಸಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು, ಗಾಳಿಯನ್ನು ಇನ್ನೂ ಹೆಚ್ಚು ಕಾಯಿಸಬೇಕು. ಎತ್ತರದಲ್ಲೂ ಅದೇ ಬಲ ಬೇಕೆಂದು ಹಟ ಹಿಡಿಯುವುದು ನನಗೆ ಸರಿಕಾಣಲಿಲ್ಲ. ಮಿತ್ರರು ಬೆಟ್ಟಕ್ಕೆಂದೇ ಒಳಒತ್ತಡವನ್ನು ಸ್ವಲ್ಪ ತಗ್ಗಿಸಿದ ಎರಡನೆಯ ಮ್ಯಾಪ್ ಬರೆದುಕೊಟ್ಟರು. ಬಲ ತಗ್ಗಿದಷ್ಟು ಪ್ರೈಮರಿಯ ತೂಕವೂ ತಗ್ಗಬೇಕಾದ್ದರಿಂದ, ಹಗುರವಾದ ತೂಕಗಳ ಒಂದು ಜೊತೆಯನ್ನು ಗುರುತುಹಾಕಿ ಬೆಲ್ಟಿನ ಚೀಲಕ್ಕೆ ಸೇರಿಸಿದೆ. ಮೊದಲ ಬೆಟ್ಟದ ಸವಾರಿಯಲ್ಲಿ ಆರ್‌ಪಿಎಂ 8,700ಕ್ಕಿಂತ ಕೆಳಗೆ ನಿಂತರೆ ತುದಿಯ ಗ್ರಾಂಗಳನ್ನು ಮೊದಲು ತೆಗೆಯುವುದು, ಬೂಸ್ಟನ್ನು ಮುಟ್ಟದಿರುವುದು ಎಂದು ಇಬ್ಬರೂ ಒಪ್ಪಿಕೊಂಡೆವು.