ಕಡೆಯ ಇಶಾಡ ಕೊಯ್ಲು

ಮೇ ಕೊನೆಯ ವಾರ, ಅಂಕೋಲೆಯ ತೋಟ. ರಾತ್ರಿ ಒಂದು ಅಡ್ಡಮಳೆ ಬಿದ್ದು ಹೋಗಿತ್ತು. ಮರದಲ್ಲಿ ಉಳಿದದ್ದು ಕಾಲುಭಾಗ ಕರಿ ಇಶಾಡ ಮಾವು. 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ಇದೇ ಹಣ್ಣಿಗೆ. ಸಿಪ್ಪೆ ತೆಳು, ತಿರುಳು ಜಾಸ್ತಿ. ನಮಗೆ ಇಷ್ಟವಾದದ್ದೇ ಹಣ್ಣುನೊಣಕ್ಕೂ ಇಷ್ಟ.

ದೋಟಿ ಎತ್ತುವ ಮೊದಲು ಬುಟ್ಟಿ ಹಿಡಿದು ಬುಡ ಸುತ್ತಿದೆವು. ಉದುರಿದ ಹಣ್ಣು ಒತ್ತಿದರೆ ಪಿಚಕ್ಕೆನ್ನುತ್ತದೆ, ಕೊಯ್ದರೆ ಬಿಳಿಹುಳು. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಒಂದೆರಡು ದಿನಕ್ಕೆ ಹುಳು, ವಾರ ಕಳೆದರೆ ಅದು ಮಣ್ಣಿಗಿಳಿದು ಕೋಶವಾಗುತ್ತದೆ. ಉದುರಿದ್ದು ಗೊಬ್ಬರವಾಗಲಿ ಎಂದು ಬಿಟ್ಟರೆ ನೊಣ ಸಾಕಿದ ಹಾಗೆ. ಗೊಬ್ಬರಗುಂಡಿಗೆ ಎಸೆದರೂ ಅಷ್ಟೇ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಬಿಸಿಲಿಗಿಡಬೇಕು. ಅವತ್ತು ಮೋಡವಿತ್ತು, ಹಾಗಾಗಿ ಎರಡಡಿ ಗುಂಡಿ ತೋಡಿ ಮುಚ್ಚಿದ್ದಾಯಿತು.

ಕೊಂಬೆಗೆ ಕಟ್ಟಿದ, ವಾಸನೆಯಿಂದ ನೊಣ ಸೆಳೆಯುವ ಮೀಥೈಲ್ ಯುಜಿನಾಲ್ ಡಬ್ಬಿಗಳಲ್ಲಿ ರಾಶಿ ನೊಣ ಸತ್ತಿದ್ದವು. ಅದನ್ನು ನೋಡಿ ಖುಷಿಪಡುವವರೇ ಹೆಚ್ಚು. ಆದರೆ ಬಿದ್ದದ್ದೆಲ್ಲ ಗಂಡು. ಕೂಡಿದ ಹೆಣ್ಣು ಹಣ್ಣಿನ ಮೇಲೇ ಇರುತ್ತದೆ. ಎಕರೆಗೆ ಆರರಿಂದ ಎಂಟು ಡಬ್ಬಿಯನ್ನು ಕೊಯ್ಲಿಗೆ ಒಂದೂವರೆ ತಿಂಗಳು ಇರುವಾಗಲೇ ಕಟ್ಟಿದರೆ ಮಾತ್ರ ಲಾಭ. ಕೊಯ್ಲಿನ ವಾರದಲ್ಲಿ ಕಟ್ಟುವುದು ಸಮಾಧಾನಕ್ಕೆ.

ಕೊಯ್ಯುವಾಗ ದೋಟಿಯ ತುದಿಗೆ ಬಲೆಚೀಲ, ಬಲೆಯ ಬಾಯಿಗೆ ಚೂರಿ. ಒಂದು ಗೇಣು ಕಡ್ಡಿಯೊಂದಿಗೆ ಇಳಿಸಿ, ಆಮೇಲೆ ನೆರಳಲ್ಲಿ ತೊಟ್ಟನ್ನು ಮೋಟು ಮಾಡಿ, ತೊಟ್ಟು ಕೆಳಗಾಗಿ ಅಡಕೆ ದಬ್ಬೆಯ ಅಟ್ಟಳಿಗೆ ಮೇಲೆ ಸೊನೆ ಇಳಿಯಲು ಬಿಡಬೇಕು. ಮುಂಜಾನೆ ಸೊನೆ ಜೋರು. ಅದು ತಾಗಿದಲ್ಲಿ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ಮುಂದೆ ಅಲ್ಲಿಂದಲೇ ಕೊಳೆ. ಚಗಳಿ ಇರುವೆಯ ಗೂಡು ಇದ್ದ ಕೊಂಬೆ ಹತ್ತಿದವರಿಗೆ ಕಚ್ಚಿಸಿಕೊಂಡದ್ದೇ ಬಂತು. ಆದರೂ ಗೂಡು ಸುಡುವುದು ಬೇಡ, ನೊಣ ಓಡಿಸುವುದರಲ್ಲಿ ಅವೂ ಕೈಜೋಡಿಸುತ್ತವೆ.

ದೂರ ಕಳಿಸುವ ಹಣ್ಣಿಗೆ 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ತಾಸು ಸ್ನಾನ. ಒಳಗಿನ ಮೊಟ್ಟೆ, ಹುಳು ಸಾಯುತ್ತವೆ. ಕೈ ಅದ್ದಿ ಅಂದಾಜು ಮಾಡುವ ಬಾಬತ್ತಲ್ಲ, ಥರ್ಮಾಮೀಟರ್ ಬೇಕೇ ಬೇಕು. ಬಿಸಿ ಏರಿದರೆ ಸಿಪ್ಪೆ ಬೇಯುತ್ತದೆ, ಇಳಿದರೆ ಹುಳು ಬದುಕುತ್ತದೆ. ಗೊರಟೆಯೊಳಗಿನ ದುಂಬಿಗೆ ಈ ಸ್ನಾನ ನಾಟುವುದಿಲ್ಲ, ಅದು ಮಿಡಿಗಾಲದಲ್ಲೇ ಹೊಕ್ಕಿರುತ್ತದೆ.

ಸಂಜೆ ಬುಡದ ಮಣ್ಣು ಎರಡಿಂಚು ಕೆದಕಿ ಕೋಳಿ ಬಿಟ್ಟೆವು. ಕಂದು ಕೋಶಗಳು ಅಕ್ಕಿಕಾಳಿನಷ್ಟಿದ್ದವು.