ಲೈಟ್ ಯಾಕೆ ಉಸಿರಾಡ್ತಿಲ್ಲ ಸ್ವಾಮಿ?

ಮಂಗಳವಾರ ಸಂಜೆ ಮೈಸೂರಿನ ಯಾದವಗಿರಿಯಲ್ಲಿ ಟೀ ಕುಡಿಯೋಕೆ ನಿಂತಿದ್ದೆ. ಹಳೇ ಜಾವಾ ಬೈಕ್ ಆಫ್ ಮಾಡಿರಲಿಲ್ಲ. ಹೊಸ ಹೆಡ್‌ಲೈಟನ್ನು ನಾಲ್ಕು ಜನ ನೋಡಲಿ ಅನ್ನೋ ಆಸೆ, ಅಷ್ಟೇ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು, ಗಾಡಿಯನ್ನೇ ನೋಡುತ್ತಾ ಕೇಳಿದರು: "ಲೈಟ್ ಯಾಕೆ ಉಸಿರಾಡ್ತಿಲ್ಲ ಸ್ವಾಮಿ?"

ಮೊದಲು ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಅಪ್ಪನ ಈ 250 ಸಿಸಿ ಗಾಡಿಯಲ್ಲಿ ಮೊದಲು ಇದ್ದದ್ದು 6 ವೋಲ್ಟ್ ಡೈನಮೋ, ಎಂಜಿನ್ ತಿರುಗಿದಷ್ಟೇ ಕರೆಂಟ್ ಕೊಡೋದು. ನಿಂತಲ್ಲೇ ಗುಡುಗುಡು ಅನ್ನುವಾಗ ಲೈಟ್ ಮಂಕಾಗುತ್ತಿತ್ತು, ಆಕ್ಸಿಲೇಟರ್ ತಿರುಗಿಸಿದರೆ ಮತ್ತೆ ಮೇಲೇಳುತ್ತಿತ್ತು. ಅದೇ ಉಸಿರು. ಹೋದ ತಿಂಗಳು 12 ವೋಲ್ಟ್ ಕಿಟ್, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಮೇಲೆ ಅದೆಲ್ಲ ನಿಂತಿದೆ. ಈಗ ಟ್ಯೂಬ್‌ಲೈಟ್ ಥರ ಒಂದೇ ಸಮ ಉರಿಯುತ್ತದೆ.

ಅವರು ಇಲ್ಲೇ ಈ ಬೈಕ್ ತಯಾರಿಸುತ್ತಿದ್ದ ಐಡಿಯಲ್ ಜಾವಾದಲ್ಲಿ ಇದ್ದವರಂತೆ, 1996ರಲ್ಲಿ ಫ್ಯಾಕ್ಟರಿ ಮುಚ್ಚೋವರೆಗೂ. ನನಗೆ ಯಾಕೋ ಸಿಟ್ಟು ಬಂತು. "ಸಾರ್, ರಾತ್ರಿ ಶ್ರೀರಂಗಪಟ್ಟಣದಿಂದ ತಳ್ಳಿಕೊಂಡು ಬಂದಿದ್ದು ನಾನು" ಅಂದೆ. ಬಂದದ್ದೂ ನಿಜವೇ. ಎಂಜಿನ್‌ಗೆ ಕಿಡಿ ಕೊಡಿಸೋ ಹಳೇ ಪಾಯಿಂಟ್ ಕೈಕೊಟ್ಟಿತ್ತು. ಅದರ ಗ್ಯಾಪ್ 0.4 ಮಿ.ಮೀ. ಇರಬೇಕು. ಅಪ್ಪ ಅದನ್ನು ಸಿಗರೇಟ್ ಪ್ಯಾಕಿನ ರಟ್ಟು ತೂರಿಸಿ ಅಳೆಯುತ್ತಿದ್ದರು, ಕರಿ ಹಿಡಿದರೆ ಬೆಂಕಿಪೊಟ್ಟಣದ ಗೀರುವ ಬದಿಯಿಂದ ಉಜ್ಜುತ್ತಿದ್ದರು. ನನಗೆ ಆ ಕೈ ಬರಲಿಲ್ಲ. ಅಪ್ಪ ಕಲಿಸಲಿಲ್ಲ ಅನ್ನೋದಕ್ಕಿಂತ ನಾನು ಮೊಬೈಲ್ ನೋಡುತ್ತಾ ನಿಂತಿರುತ್ತಿದ್ದೆ.

ಹಿರಿಯರು ನಕ್ಕರು. "ಬೈಯ್ತಿಲ್ಲ ಸ್ವಾಮಿ, ಕೇಳಿದೆ ಅಷ್ಟೇ. ನಾವೇನು ಸುಮ್ನೆ ಇದ್ವಾ? ಜಾವಾ ಅನ್ನೋ ಹೆಸರು ಹೋಗಿ ಯೆಜ್ಡಿ ಆಯ್ತು, ರೋಡ್‌ಕಿಂಗ್ ಮಾಡೆಲ್ ಬಂತು." ಅದೂ ಸರಿ. ಅಪ್ಪ ಕೂಡ ಹಳೇ ಕಾರ್ಬ್ಯುರೇಟರ್ ಸೋರುತ್ತೆ ಅಂತ ಯಾವತ್ತೋ ಬೇರೆ ಹಾಕಿಸಿದ್ದರು, ಆಗ ಯಾರೂ ಕಣ್ಣೀರು ಹಾಕಲಿಲ್ಲ. ಹಾಗಾದರೆ ಒರಿಜಿನಲ್ ಅಂದರೆ ಯಾವ ವರ್ಷದ್ದು?

ಆದರೂ ನನಗೊಂದು ಗೆರೆ ಇದೆ. ಗೆಳೆಯನೊಬ್ಬ ಯೆಜ್ಡಿ ಚಾಸಿಗೆ, ಪೆಟ್ರೋಲ್ ಜೊತೆ ಆಯಿಲ್ ಸುಡೋ ಹಳೇ ಟೂ ಸ್ಟ್ರೋಕ್ ತೆಗೆದು, ಹೊಸ ಫೋರ್ ಸ್ಟ್ರೋಕ್ ಎಂಜಿನ್ ಕೂರಿಸುತ್ತೇನೆ ಅಂತ ಓಡಾಡುತ್ತಿದ್ದಾನೆ. ಫ್ರೇಮ್ ಕತ್ತರಿಸಿ ಹೊಸ ಮೌಂಟ್ ವೆಲ್ಡ್ ಮಾಡಬೇಕು, ಚೈನ್ ನೇರಕ್ಕೆ ಕೂರಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು, ಅದಕ್ಕೆ ಆರ್‌ಟಿಓ ಒಪ್ಪಿಗೆ ಮೊದಲೇ ಬೇಕು. ಇವನು ಯಾವುದನ್ನೂ ಕೇಳಿಲ್ಲ. ಮನುಷ್ಯ ಒಳ್ಳೆಯವನೇ, ಆದರೆ ಇನ್‌ಸ್ಟಾಗ್ರಾಂ ನೋಡಿ ಅಡುಗೆ ಮಾಡುವವನು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಅದನ್ನೇ ಕಿಕ್ಕರ್ ಮಾಡಿಕೊಂಡು ಹೊಡೆಯೋದು, ಆಮೇಲೆ ಎರಡು ಸೈಲೆನ್ಸರ್‌ನಿಂದಲೂ ಬರೋ ಆಯಿಲ್ ಹೊಗೆ, ಇಷ್ಟೂ ಹೋದ ಮೇಲೆ ಉಳಿಯೋದು ಟ್ಯಾಂಕ್ ತಾನೆ? ಅದಕ್ಕಿಂತ 2018ರಲ್ಲಿ ವಾಪಸ್ ಬಂತಲ್ಲ, 293 ಸಿಸಿ ಹೊಸ ಜಾವಾ, ಅದನ್ನೇ ಕೊಳ್ಳಬಹುದಿತ್ತು. ನನ್ನದು ಬರೀ ವೈರಿಂಗ್, ಬೇಕಾದರೆ ನಾಳೆ ವಾಪಸ್ ಹಾಕಬಹುದು ಅಂತ ಹಿರಿಯರಿಗೆ ಜಂಬದಿಂದಲೇ ಹೇಳಿದೆ.

"ಹಳೇ ಡೈನಮೋ ಮಡಗಿದೀರಾ?"

"ಇದೆ ಸಾರ್, ಭದ್ರವಾಗಿದೆ."

ಸುಳ್ಳು. ಕಿಟ್ ಹಾಕಿಸಿದ ದಿನ ಅದನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ. ಬುಧವಾರ ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಅರೆಕ್ಷಣ ಯೋಚಿಸಿ, "ಅಯ್ಯೋ ಅಣ್ಣಾ, ಒಳಗೆ ತಾಮ್ರ ಇತ್ತಲ್ಲ, ಗುಜರಿಗೆ ಹಾಕ್ಬಿಟ್ಟೆ. ನಿಮಗೆ ಬೇಕಿತ್ತಾ?" ಅಂದ.

ಬೇಡ ಬಿಡು ಅಂದೆ. ಗಾಡಿ ಈಗ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ. ಟೀಗೆ ಮಾತ್ರ ಎರಡು ದಿನದಿಂದ ಬೇರೆ ಕಡೆ ಹೋಗುತ್ತಿದ್ದೇನೆ.